ಹಾಸಿಗೆ ಒಂದು ಕಡೆ, ಇತಿಹಾಸ ಇನ್ನೊಂದು ಕಡೆ: ಕಾರವಾರದಿಂದ ಬನವಾಸಿಗೆ ಐದು ದಿನ

"ಒಂದು ದ್ವೀಪ, ಒಳ್ಳೆ ರೆಸಾರ್ಟು, ಜೊತೆಗೆ ಪುರಾತನ ಇತಿಹಾಸ. ಐದು ದಿನ. ದುಡ್ಡಿನ ಯೋಚನೆ ಬೇಡ."

ಇಂಗ್ಲೆಂಡಿನಿಂದ ಭಾವ ಫೋನಿನಲ್ಲಿ ಹೇಳಿದ್ದು ಇಷ್ಟೇ. ದುಡ್ಡಿನ ಯೋಚನೆ ಬೇಡ ಎಂದು ಯಾರಾದರೂ ಹೇಳಿದರೆ ಶಿರಸಿಯವರಿಗೆ ಆಗಲೇ ಯೋಚನೆ ಶುರುವಾಗುತ್ತದೆ. ಹೋದ ವರ್ಷ ಅಕ್ಕ-ಭಾವ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಬಂದಿದ್ದರು. ಅಲ್ಲಿನ ಕ್ನೋಸಸ್ ಅರಮನೆ ಮೂರೂವರೆ ಸಾವಿರ ವರ್ಷಕ್ಕಿಂತ ಹಳೆಯದು. ಅಲ್ಲಿಂದ ಬಂದ ಮೇಲೆ ಭಾವನಿಗೆ ಸಾವಿರ ವರ್ಷಕ್ಕಿಂತ ಈಚಿನದು ಯಾವುದೂ ಹಳೆಯದಾಗಿ ಕಾಣುವುದಿಲ್ಲ. ನಮ್ಮ ಮನೆಯ ಹಳೆ ಮರದ ಪೆಟ್ಟಿಗೆಯನ್ನೂ "ನಿನ್ನೆ ಮೊನ್ನೆಯದು" ಎಂದುಬಿಟ್ಟಿದ್ದಾರೆ.

ಊಟದ ಮೇಜಿನ ಮೇಲೆ ಜಿಲ್ಲೆಯ ನಕ್ಷೆ ಹರಡಿಕೊಂಡು ಕೂತೆ. ಉತ್ತರದಿಂದ ಹೊರಟರೆ ಕಾರವಾರದ ಎದುರಿಗೆ ಕೂರ್ಮಗಡ, ದೇವಗಡ. ಸ್ವಲ್ಪ ದಕ್ಷಿಣಕ್ಕೆ ಅಂಜದೀಪ. ಹೊನ್ನಾವರದ ಹತ್ತಿರ ಬಸವರಾಜ ದುರ್ಗ. ಮುರುಡೇಶ್ವರದಿಂದ ಆಚೆ ನೇತ್ರಾಣಿ. ದ್ವೀಪಕ್ಕೇನೂ ಬರ ಇಲ್ಲ. ಆದರೆ ಅರ್ಧ ಗಂಟೆಯಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಎಲ್ಲಿ ಹಾಸಿಗೆ ಇದೆಯೋ ಅಲ್ಲಿ ಇತಿಹಾಸ ಕಡಿಮೆ. ಎಲ್ಲಿ ಇತಿಹಾಸ ಜಾಸ್ತಿಯೋ ಅಲ್ಲಿ ಹಾಸಿಗೆ ಇಲ್ಲ, ಕೆಲವು ಕಡೆ ಕಾಲಿಡಲೂ ಬಿಡುವುದಿಲ್ಲ. ಹಾಗಾಗಿ ದಡದಲ್ಲಿ ಮಲಗುವುದು, ಬೆಳಿಗ್ಗೆ ದೋಣಿ ಹತ್ತುವುದು ಎಂದು ಲೆಕ್ಕ ಹಾಕಿದೆ. ನಮ್ಮ ಕಡಲಿನಲ್ಲಿ ದೋಣಿ ಪ್ರವಾಸಕ್ಕೆ ಮಳೆಗಾಲ ಆಗದು. ಡಿಸೆಂಬರ್ ಒಳ್ಳೆಯದು, ಅದರಲ್ಲೂ ಬೆಳಗಿನ ಹೊತ್ತು. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ.

ತಾರೀಕು ಹುಡುಕಿದ್ದು ಭಾವನ ರಜೆ ನೋಡಿ. ಪಂಚಾಂಗ ನೋಡಲಿಲ್ಲ. ಅದರ ಫಲ ನಾಲ್ಕನೇ ದಿನ ಸಿಕ್ಕಿತು.

ಮೊದಲ ದಿನ: ಶಿರಸಿಯಿಂದ ಕಾರವಾರ

ಕಾರಿನಲ್ಲಿ ನಾಲ್ಕು ಜನ: ಅಕ್ಕ, ಭಾವ, ನಾನು, ನನ್ನ ಹೆಂಡತಿ. ಹೆಂಡತಿಯ ಕೈಯಲ್ಲಿ ಖರ್ಚಿನ ಪುಸ್ತಕ, ಅಕ್ಕನ ಕಾಲ ಬುಡದಲ್ಲಿ ತೊಡೆದೇವಿನ ಡಬ್ಬ. ತೊಡೆದೇವು ನಮ್ಮ ಕಡೆಯ ಸಿಹಿತಿಂಡಿ, ಕಾಗದಕ್ಕಿಂತ ತೆಳ್ಳಗೆ. ದೇವಿಮನೆ ಘಟ್ಟದ ತಿರುವಿನಲ್ಲಿ ಡಬ್ಬದೊಳಗೆ ಅದು ಪುಡಿಯಾಗುವ ಸದ್ದು ನನಗೆ ಕೇಳುತ್ತಿತ್ತು. ಅಕ್ಕನಿಗೆ ಹೇಳಲಿಲ್ಲ.

ಕುಮಟಾ ದಾಟಿ ಮಿರ್ಜಾನ ಕೋಟೆಯಲ್ಲಿ ಇಳಿದೆವು. ಅಘನಾಶಿನಿ ದಡದ ಚಿರೆಕಲ್ಲಿನ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ 54 ವರ್ಷ, ಈ ಭಾಗ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದಿದ್ದು ಕಾಳುಮೆಣಸಿನ ರಾಣಿ ಎಂದು. ಘಟ್ಟದ ಮೇಲಿನ ಮೆಣಸು ಇಳಿದು ಬಂದು ಹಡಗು ಹತ್ತುತ್ತಿದ್ದುದು ಈ ದಾರಿಯಲ್ಲೇ. ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯನ್ನು ನೆನೆಸಿಕೊಂಡು ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಮಳೆಗಾಲದಲ್ಲಿ ಈ ಗೋಡೆಗಳ ಮೇಲೆ ಹಸಿರು ಮಖಮಲ್ಲು ಹಾಸಿದಂತೆ ಪಾಚಿ. ಡಿಸೆಂಬರಿನಲ್ಲಿ ಒಣಗಿ ಕಂದು.

"ಎಷ್ಟಾಯ್ತು? ನಾನೂರೈವತ್ತು ವರ್ಷ?" ಭಾವ ಕೇಳಿದರು. "ಕ್ರೀಟಿನಲ್ಲಿ ವೂವೆಸ್ ಅಂತ ಒಂದು ಊರು. ಅಲ್ಲಿ ಒಂದು ಆಲಿವ್ ಮರಕ್ಕೇ ಎರಡು ಸಾವಿರ ವರ್ಷ. ಇನ್ನೂ ಕಾಯಿ ಬಿಡ್ತದೆ."

ಮರದ ಜೊತೆ ವಾದ ಮಾಡುವುದು ಹೇಗೆ? ಸುಮ್ನೆ ಕಾರು ಹತ್ತಿದೆ.

ಅಂಕೋಲೆಗೆ ಮೊದಲು ಶಿರೂರು ಸಿಕ್ಕಿತು. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಹೆದ್ದಾರಿ ಪಕ್ಕದಲ್ಲಿ ಚಹಾ ಅಂಗಡಿ ಇತ್ತು, ಅದೂ ಅಂಗಡಿಯವರ ಸಂಸಾರವೂ ಮಣ್ಣಿನ ಜೊತೆ ಹೋದವು. ಗಂಗಾವಳಿಗೆ ಬಿದ್ದ ಲಾರಿ ಮೇಲೆ ಬಂದದ್ದು ಎರಡು ತಿಂಗಳ ಮೇಲೆ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಕಿಟಕಿಯ ಗಾಜು ಇಳಿಸಿ ಗುಡ್ಡವನ್ನು ನೋಡಿದಳು, ಮತ್ತೆ ಏರಿಸಿದಳು.

ಸಂಜೆ ಕಾಳಿ ನದಿಯ ದೋಣಿ ಹಿಡಿದು ದೇವಬಾಗ ಸೇರಿದೆವು. ದೇವಬಾಗ ದ್ವೀಪ ಅಲ್ಲ. ಒಂದು ಕಡೆ ಕಡಲು, ಒಂದು ಕಡೆ ನದಿ, ನಡುವೆ ಉದ್ದಕ್ಕೆ ಚಾಚಿದ ಮರಳು, ಗಾಳಿಮರದ ತೋಪು. ಆದರೆ ಬ್ಯಾಗು ಹೊತ್ತುಕೊಂಡು ದೋಣಿಯಿಂದ ಇಳಿಯುವುದಿದೆಯಲ್ಲ, ಅದರಿಂದ ಅರ್ಧ ದ್ವೀಪದ ಖುಷಿ ಬಂದುಬಿಡುತ್ತದೆ. ರಾತ್ರಿ ಗಾಳಿಮರದ ಸದ್ದು ಮಳೆಯ ಹಾಗೇ ಕೇಳುತ್ತದೆ. ಹೆಂಡತಿ ಎರಡು ಸಲ ಎದ್ದು ಬಟ್ಟೆ ಒಳಗೆ ತರಲು ಹೊರಟಿದ್ದಳು.

ಎರಡನೇ ದಿನ: ಕಡಲಿನಲ್ಲಿ

ಬೆಳಿಗ್ಗೆ ಏಳಕ್ಕೇ ದೋಣಿ. ಲೈಫ್ ಜಾಕೆಟ್ಟಿನ ಪಟ್ಟಿ ಭಾವನ ಹೊಟ್ಟೆಗೆ ಸಾಲಲಿಲ್ಲ. ದೋಣಿಯವ ಏನೂ ಹೇಳದೆ ಇನ್ನೊಂದು ತಂದುಕೊಟ್ಟ. ಕಡಲು ಎಣ್ಣೆ ಸುರಿದ ಹಾಗೆ ನುಣ್ಣಗೆ ಇತ್ತು. ಸ್ವಲ್ಪ ಹೊತ್ತಿನಲ್ಲಿ ಎರಡು ಡಾಲ್ಫಿನ್ ಬೆನ್ನು ತೋರಿಸಿ ಹೋದವು. ಅಕ್ಕ ಫೋನು ತೆಗೆಯುವಷ್ಟರಲ್ಲಿ ಇಲ್ಲ. ಅವಳ ಫೋನಿನಲ್ಲಿ ಬರೀ ನೀರಿನ ಹದಿನೇಳು ಫೋಟೋ ಇವೆ.

ಕೂರ್ಮಗಡ ನಿಜಕ್ಕೂ ಆಮೆಯ ಬೆನ್ನಿನ ಹಾಗೆ. ಮೇಲೆ ನರಸಿಂಹ ದೇವರ ಗುಡಿ. ಜನವರಿ ಹೊತ್ತಿಗೆ ಇಲ್ಲಿ ಜಾತ್ರೆ. ಆವತ್ತು ಕಾರವಾರದವರು, ಗೋವಾದವರು ದೋಣಿ ದೋಣಿ ತುಂಬಿಕೊಂಡು ಬರುತ್ತಾರೆ. ನಾವು ಹೋದ ದಿನ ಕಾಗೆ ಬಿಟ್ಟರೆ ನಾವೇ.

ಅಲ್ಲಿಂದ ದೇವಗಡದ ದೀಪಸ್ತಂಭದ ಕಡೆ ಹೊರಳಿದೆವು. ದಕ್ಷಿಣಕ್ಕೆ ದೂರದಲ್ಲಿ ಒಂದು ನೀಲಿ ಗುಡ್ಡ ನೀರಿನಿಂದ ಎದ್ದಿತ್ತು. ದೋಣಿಯವ ಎಂಜಿನ್ ಕಡಿಮೆ ಮಾಡಿ ಬೊಟ್ಟು ತೋರಿಸಿದ. "ಅದೇ ಅಂಜದೀಪ. ಅತ್ಲಾಗೆ ಹೋಗೂಕಿಲ್ಲ. ನೇವಿದು."

ನಾನು ಈ ಪ್ರವಾಸ ಹಾಕಿದ್ದೇ ಆ ಗುಡ್ಡಕ್ಕಾಗಿ ಅಂದರೂ ತಪ್ಪಲ್ಲ. ಸುಮಾರು ಒಂದೂವರೆ ಚದರ ಕಿಲೋಮೀಟರ್ ಜಾಗ. ಬಿಣಗಾದ ಎದುರಿಗೇ ಇದ್ದರೂ ಕಾಗದದಲ್ಲಿ ಗೋವಾಕ್ಕೆ ಸೇರಿದ್ದು. ನಮ್ಮ ಕರಾವಳಿಯ ಇಷ್ಟು ಕಥೆ ಇಷ್ಟು ಸಣ್ಣ ಜಾಗದಲ್ಲಿ ಇನ್ನೆಲ್ಲೂ ತುಂಬಿಕೊಂಡಿಲ್ಲ.

"ಭಾವ, ನಿಮ್ಮ ಗ್ರೀಕರಿಂದಲೇ ಶುರು ಮಾಡ್ತೇನೆ" ಎಂದೆ. ಮೊದಲನೇ ಶತಮಾನದಲ್ಲಿ, ಹೆಸರು ಗೊತ್ತಿಲ್ಲದ ಒಬ್ಬ ವ್ಯಾಪಾರಿ ಕೆಂಪು ಸಮುದ್ರದಿಂದ ಭಾರತದವರೆಗಿನ ಕಡಲ ದಾರಿಯನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಎಲ್ಲಿ ಹುಷಾರಾಗಿರಬೇಕು, ಎಲ್ಲ. ಅದರಲ್ಲಿ ಪಶ್ಚಿಮ ಕರಾವಳಿಯ ಒಂದಿಷ್ಟು ದ್ವೀಪಗಳ ಹೆಸರು ಬರುತ್ತದೆ. ಅವುಗಳ ಎದುರಿಗೆ ಖೆರ್ಸೋನೆಸಸ್, ಅಂದರೆ ನೀರಿಗೆ ಚಾಚಿಕೊಂಡ ನೆಲ. ಅದಾದ ಮೇಲೆ ಒಂದು ಬಿಳಿ ದ್ವೀಪ. ಆ ಚಾಚಿದ ನೆಲ ಕಾರವಾರ, ದ್ವೀಪಗಳಲ್ಲೊಂದು ಅಂಜದೀಪ, ಬಿಳಿಯದು ನೇತ್ರಾಣಿ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಒಪ್ಪದವರೂ ಇದ್ದಾರೆ. ಆ ವ್ಯಾಪಾರಿ ಇನ್ನೊಂದು ಮಾತು ಸೇರಿಸಿದ್ದಾನೆ: ಇಲ್ಲಿ ಕಡಲ್ಗಳ್ಳರಿದ್ದಾರೆ.

ಭಾವ ಮೊದಲ ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ಸಾವಿರ ವರ್ಷ ಎಂಬ ಲೆಕ್ಕ ಒಳಗೆ ಬಿದ್ದಿತ್ತು.

ಆಮೇಲೆ ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಈ ಕರಾವಳಿಯಲ್ಲಿ ಹಡಗಿನಲ್ಲಿ ಹೋಗುವಾಗ ಒಂದು ಸಣ್ಣ ದ್ವೀಪದಲ್ಲಿ ಇಳಿದ. ಅದು ಅಂಜದೀಪವೇ ಎಂದು ಹೇಳುತ್ತಾರೆ. ಅಲ್ಲಿ ಗುಡಿ ಇತ್ತು, ನೀರಿನ ಕೆರೆ ಇತ್ತು, ಗುಡಿಯ ಗೋಡೆಗೆ ಒರಗಿ ಒಬ್ಬ ಜೋಗಿ ಕೂತಿದ್ದ. ಮಾತಾಡಿಸಿದರೆ ಮಾತಿಲ್ಲ. ಒಮ್ಮೆ ಜೋರಾಗಿ ಕೂಗಿದನಂತೆ, ಮರದಿಂದ ತೆಂಗಿನಕಾಯಿ ಬಿತ್ತಂತೆ. ಅದನ್ನು ಎತ್ತಿ ಬತೂತನ ಕೈಗೆ ಕೊಟ್ಟ. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ.

"ಕಾಯಿ ಉದುರುವ ಹೊತ್ತು ಗೊತ್ತಿದ್ದಿರ್ಲಕ್ಕು" ಎಂದಳು ಅಕ್ಕ. ತೋಟದ ಮನೆಯ ಹುಡುಗಿ, ಇಂಗ್ಲೆಂಡಿನಲ್ಲಿ ಇಪ್ಪತ್ತೆರಡು ವರ್ಷ ಇದ್ದರೂ ಬುದ್ಧಿ ಎಲ್ಲಿ ಹೋಗುತ್ತದೆ.

1498ರಲ್ಲಿ ಊರಿಗೆ ವಾಪಸು ಹೊರಟ ವಾಸ್ಕೋ ಡ ಗಾಮ ಇಲ್ಲೇ ಹಡಗು ನಿಲ್ಲಿಸಿ ರಿಪೇರಿ ಮಾಡಿಕೊಂಡ. ಕುಡಿಯುವ ನೀರು ತುಂಬಿಕೊಂಡ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು, ಮರುವರ್ಷವೇ ಕೆಡವಿ ಹೋದರು.

ಆದರೆ ನನಗೆ ಬಹಳ ಕಾಡುವ ಕಥೆ ಇಂಗ್ಲಿಷರದ್ದು. ಪೋರ್ಚುಗಲ್ಲಿನ ರಾಜಕುಮಾರಿಯನ್ನು ಇಂಗ್ಲೆಂಡಿನ ರಾಜನಿಗೆ ಕೊಡುವಾಗ ವರದಕ್ಷಿಣೆಯಾಗಿ ಮುಂಬೈ ಕೊಟ್ಟರು. ಅದನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿ ಸುಮಾರು 400 ಸೈನಿಕರೊಂದಿಗೆ ಬಂದ. ಇಲ್ಲಿನ ಪೋರ್ಚುಗೀಸರು ಕಾಗದಪತ್ರ ಸರಿ ಇಲ್ಲ ಎಂದು ಕೊಡಲಿಲ್ಲ. ಕಾಗದಪತ್ರದ ತಕರಾರು ಈಗಿನದಲ್ಲ ನೋಡಿ. ಹೋಗಲು ಜಾಗವಿಲ್ಲದೆ ಅಷ್ಟೂ ಜನ ಅಂಜದೀಪದಲ್ಲಿ ಇಳಿದರು. ಮಳೆ, ಸೆಕೆ, ಕಾಯಿಲೆ. ಒಬ್ಬೊಬ್ಬರೇ ಸತ್ತರು. 1664ರಲ್ಲಿ ಶಿಪ್‌ಮನ್ನೂ ಸತ್ತ. ಮರುವರ್ಷ ಮುಂಬೈಯಲ್ಲಿ ಇಂಗ್ಲಿಷ್ ಬಾವುಟ ಹಾರಿಸಲು ಉಳಿದಿದ್ದವರು ನೂರರ ಆಸುಪಾಸು. ಸತ್ತವರ ಮಣ್ಣು ನಮ್ಮೆದುರಿನ ಆ ನೀಲಿ ಗುಡ್ಡದಲ್ಲೇ ಇದೆ.

ಕೊನೆಯ ಕಾಳಗ ಶುರುವಾದದ್ದು 1961ರ ಡಿಸೆಂಬರ್ 18ರಂದು. ಗೋವಾ ವಿಮೋಚನೆಯ ವೇಳೆ ನಮ್ಮ ನೌಕಾಪಡೆ ದ್ವೀಪಕ್ಕೆ ನುಗ್ಗಿತು, ಏಳು ಜನ ತೀರಿಕೊಂಡರು. ಈಗ ಅದು ಐಎನ್‌ಎಸ್ ಕದಂಬ ನೌಕಾನೆಲೆಯ ಪಾಲು.

"ಕದಂಬ?" ಭಾವ ತಿರುಗಿದರು. "ಬನವಾಸಿಯ ಕದಂಬರು?"

"ಅವರೇ. ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೇನೆ."

ಅಷ್ಟರಲ್ಲಿ ಗಾಳಿ ಎದ್ದಿತು. ದೋಣಿ ಕುಣಿಯಲು ಶುರುವಾಯಿತು. ಆಮೇಲೆ ನಡೆದದ್ದು ನನ್ನ ಹೊಟ್ಟೆಗೂ ಅರಬ್ಬೀ ಸಮುದ್ರಕ್ಕೂ ಸಂಬಂಧಿಸಿದ್ದು, ಬರೆಯುವುದಿಲ್ಲ.

ಮೂರನೇ ದಿನ: ಬರೀ ದಾರಿ

ಬೆಳಿಗ್ಗೆ ಸದಾಶಿವಗಡ ಹತ್ತಿದೆವು. ಸೋದೆ ಅರಸ ಬಸವಲಿಂಗ 1715ರಲ್ಲಿ ಕಟ್ಟಿಸಿ ಅಪ್ಪನ ಹೆಸರಿಟ್ಟ ಕೋಟೆ. ಕೋಟೆ ಅನ್ನುವುದಕ್ಕಿಂತ ನೋಟ ಚೆನ್ನ: ಕೆಳಗೆ ಕಾಳಿ ಕಡಲು ಸೇರುವ ಜಾಗ. ಹಳೆ ಸೇತುವೆ ಈಗ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು, ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದರು.

ಇದೇ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದವನು ರವೀಂದ್ರನಾಥ ಟಾಗೋರ್. 1883ರಲ್ಲಿ, 22ರ ಹುಡುಗ. ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶ. ಈಗ ಕಾರವಾರದ ಕಡಲತೀರಕ್ಕೆ ಅವನದೇ ಹೆಸರು. ಭಾವ ಯುದ್ಧನೌಕೆ ಮ್ಯೂಸಿಯಂ ಎದುರು ಫೋಟೋ ತೆಗೆಸಿಕೊಂಡರು, ಅಕ್ಕ ಸೋಲ್ ಕಡಿ ಕುಡಿದಳು, ಹೊರಟೆವು. ಅಂದಹಾಗೆ ಕಾರವಾರದಲ್ಲಿ ಮೀನೂಟ ತಿನ್ನದೆ ಬರುವುದು ನಮ್ಮಂಥವರ ಹಣೆಬರಹ. ಭಾವ ಮಾತ್ರ "ಸ್ವಲ್ಪ ಅಡ್ಡಾಡಿ ಬರ್ತೇನೆ" ಎಂದು ಮುಕ್ಕಾಲು ಗಂಟೆ ಕಾಣಲಿಲ್ಲ. ಬಂದ ಮೇಲೆ ಕಾರಿನಲ್ಲಿ ಬಂಗಡೆ ಪರಿಮಳ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ರಾತ್ರಿ ಗೋಕರ್ಣದ ಕಡೆ ಒಂದು ಭಾರೀ ರೆಸಾರ್ಟು. ಹೆಸರು ಬೇಡ. ಇಡೀ ಪ್ರವಾಸದ ಅತಿ ದುಬಾರಿ ರಾತ್ರಿ ಇದೇ. ಸ್ವಂತ ಪುಟ್ಟ ಈಜುಕೊಳ ಇರುವ ಕೋಣೆ ಎಂದು ಮುಂಗಡ ಕಟ್ಟಿದ್ದೆ. ಕೊಳ ಇತ್ತು, ಅದರಲ್ಲಿ ಕಪ್ಪೆಯೂ ಇತ್ತು. ಬಿಸಿನೀರು ಬೆಳಿಗ್ಗೆ ಎಂಟರ ಮೇಲೆ. ಊಟಕ್ಕೆ ಪನೀರು ನಾಲ್ಕು ಬಗೆ, ಮಜ್ಜಿಗೆ ಇಲ್ಲ. ಹೆಂಡತಿ ಖರ್ಚಿನ ಪುಸ್ತಕದಲ್ಲಿ ಬರೆದಿದ್ದು ಹೀಗೆ: "ಕಪ್ಪೆ ಸಮೇತ", ಮುಂದೆ ಮೊತ್ತ.

ನಾಲ್ಕನೇ ದಿನ: ಬಸವರಾಜ ದುರ್ಗ

ನೇತ್ರಾಣಿಯನ್ನು ಬಿಟ್ಟೆವು. ಅಲ್ಲಿ ಜನ ಹೋಗುವುದು ಮುಳುಗಿ ಹವಳ, ಮೀನು ನೋಡಲು. ನಮ್ಮಲ್ಲಿ ಒಬ್ಬರಿಗೆ ಕಿವಿ ನೋವು, ಒಬ್ಬಳಿಗೆ ಭಯ, ನನಗೆ ಎರಡನೇ ದಿನದ ನೆನಪು.

ಹೊನ್ನಾವರದಲ್ಲಿ ದೋಣಿ ಹತ್ತುವಾಗ ಗಂಟೆ ಒಂಬತ್ತೂವರೆ. ಭಾವನ ತಿಂಡಿ ತಡವಾಗಿತ್ತು. ದೋಣಿಯವ ಆಕಾಶ ನೋಡಿದ, ನೀರು ನೋಡಿದ, ನನ್ನ ಮುಖ ನೋಡಿದ.

"ಹೆಗಡೇರೇ, ಇವತ್ತು ಅಷ್ಟಮಿ ಅಲ್ವಾ? ಹನ್ನೊಂದರ ಹೊತ್ತಿಗೆ ನೀರು ಇಳಿದಿರ್ತದೆ. ದೋಣಿ ಕಲ್ಲಿನ ಹತ್ರ ಹೋಗೂದಿಲ್ಲ."

ಮನೆಯಲ್ಲಿ ಗೋಡೆಗೆ ನೇತುಹಾಕಿದ ಪಂಚಾಂಗ ಇದೆ. ಏಕಾದಶಿ, ಸಂಕಷ್ಟಿ ಎಲ್ಲ ನೋಡುತ್ತೇವೆ. ತಿಥಿಗೂ ಉಬ್ಬರ ಇಳಿತಕ್ಕೂ ಲೆಕ್ಕ ಇದೆ ಎಂಬುದು ಘಟ್ಟದ ಮೇಲಿನವರ ತಲೆಗೆ ಹೊಳೆಯುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಹನ್ನೊಂದರ ಸುಮಾರಿಗೆ ಇಲ್ಲಿ ನೀರು ತುಂಬಿರುತ್ತದೆ. ಅಷ್ಟಮಿಗೆ ಅದೇ ಹೊತ್ತಿಗೆ ಇಳಿತ. ದ್ವೀಪಕ್ಕೆ ಹೋಗುವವರು ಹೋಟೆಲಿಗಿಂತ ಮೊದಲು ತಿಥಿ ನೋಡಬೇಕು.

ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿಕೊಂಡು ದಾರಿ ಆಗಾಗ ಬದಲಾಗುತ್ತದೆ. ಮೀನುಗಾರರ ದೋಣಿಗಳೇ ಅಲ್ಲಿ ಮಗುಚಿದ್ದಿವೆ. ನಮ್ಮವ ಎದ್ದು ನಿಂತು ನೀರಿನ ಬಣ್ಣ ನೋಡುತ್ತಾ ದೋಣಿ ಬಿಟ್ಟ. ಅಳಿವೆ ದಾಟಿದ ಮೇಲೆ ಅವನೂ ಉಸಿರು ಬಿಟ್ಟ, ನಾವೂ.

ಬಸವರಾಜ ದುರ್ಗದ ತಲೆ ಚಪ್ಪಟೆ. ದೂರದಿಂದ ಕಡಲಲ್ಲಿ ಯಾರೋ ಮಣೆ ಇಟ್ಟ ಹಾಗೆ. ಕೆಳದಿ ಅರಸರು ಇದಕ್ಕೆ ಚಿರೆಕಲ್ಲಿನ ಗೋಡೆ ಕಟ್ಟಿದರು, ರಾಜಕುಮಾರ ಬಸವರಾಜನ ಹೆಸರಿಟ್ಟರು ಎನ್ನುತ್ತಾರೆ. ದೋಣಿ ಇಪ್ಪತ್ತು ಮಾರು ದೂರದಲ್ಲೇ ನಿಂತಿತು. ಇಳಿದೆವು. ತೊಡೆಮಟ್ಟ ನೀರು, ಅಡಿಯಲ್ಲಿ ಸಿಪ್ಪಿ ಹಿಡಿದ ಕಲ್ಲು. ಅಕ್ಕ ಚಪ್ಪಲಿ ತಲೆಯ ಮೇಲೆ ಹೊತ್ತುಕೊಂಡು ನಡೆದಳು. ಭಾವನ ಹೆಬ್ಬೆರಳು ಕೊಯ್ದು ರಕ್ತ ಬಂತು. "ಕ್ರೀಟಿನಲ್ಲಿ..." ಎಂದು ಶುರು ಮಾಡಿ ಅವರೇ ನಿಲ್ಲಿಸಿದರು.

ಮೇಲೆ ಟಿಕೆಟ್ ಇಲ್ಲ, ಬೋರ್ಡು ಇಲ್ಲ, ಚಹಾ ಇಲ್ಲ. ಹುಲ್ಲು ಎದೆಮಟ್ಟ. ಕುಡಿಯುವ ನೀರು ತಂದಿದ್ದು ಎರಡೇ ಬಾಟಲಿ, ಅದೂ ನನ್ನದೇ ತಪ್ಪು. ಗೋಡೆಯ ನೆರಳಿನಲ್ಲಿ ಕೂತೆವು. ಹತ್ತಿರದಿಂದ ನೋಡಿದರೆ ಚಿರೆಕಲ್ಲು ಜೇನುಹುಟ್ಟಿನ ಹಾಗೆ ತೂತು ತೂತು. ಕಡಲ ಕಡೆಯ ತೂತುಗಳಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು, ಒಂದರಲ್ಲಿ ಕೆಂಜಿಗ ಎಲೆ ಹೊಲಿಯಲು ದಾರಿ ಕಾಣದೆ ಸುತ್ತುತ್ತಿತ್ತು. ಅಕ್ಕ ಬೆರಳಿನಿಂದ ಉಪ್ಪು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. ಡಬ್ಬ ತೆಗೆದು ತೊಡೆದೇವಿನ ಪುಡಿಯನ್ನು ನಾಲ್ಕು ಪಾಲು ಮಾಡಿದಳು. ನಾಲ್ಕು ದಿನದಲ್ಲಿ ಯಾರೂ ಅಷ್ಟು ಹೊತ್ತು ಫೋನು ಮುಟ್ಟದೆ ಕೂತಿರಲಿಲ್ಲ.

"ಇಲ್ಲೊಂದು ರೆಸಾರ್ಟು ಮಾಡಿದ್ರೆ..." ಎಂದರು ಭಾವ.

"ಬೇಡ" ಎಂದರು ಹೆಂಗಸರಿಬ್ಬರೂ.

ಐದನೇ ದಿನ: ಬನವಾಸಿ

ಹೊನ್ನಾವರದಿಂದ ಘಟ್ಟ ಹತ್ತಿ ಶಿರಸಿಗೆ ಬಂದು, ಮನೆಗೆ ಹೋಗದೆ ನೇರ ಬನವಾಸಿಗೆ ನಡೆಸಿದೆ. ಪ್ಲಾನಿನಲ್ಲಿ ದ್ವೀಪ ಅಂತ ಇತ್ತಲ್ಲ ಎಂದು ಭಾವ ಗೊಣಗಿದರು.

ಮಧುಕೇಶ್ವರ ದೇವಸ್ಥಾನದಲ್ಲಿ ಎಲ್ಲರೂ ನೋಡುವುದು ದೊಡ್ಡ ನಂದಿಯನ್ನು. ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಎಂದು ತೋರಿಸುತ್ತಾರೆ. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚದ ಮುಂದೆ ಹೆಂಡತಿ ನಿಂತುಬಿಟ್ಟಳು. "ನೋಡಿ, ಇಲ್ಲಿ ಹಾಸಿಗೆಯೂ ಇದೆ, ಇತಿಹಾಸವೂ ಇದೆ."

ನಾನು ಭಾವನನ್ನು ಕರೆದುಕೊಂಡು ಹೋಗಿದ್ದು ನಾಗಶಿಲೆಯ ಹತ್ತಿರ. ಐದು ಹೆಡೆಯ ನಾಗ, ಎರಡೂ ಅಂಚಿನಲ್ಲಿ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಕದಂಬರ ಮಯೂರಶರ್ಮ ನಾಲ್ಕನೇ ಶತಮಾನದವನು. ಇದು ಅವನಿಗಿಂತ ಹಿಂದಿನದು, ಚುಟು ಶಾತಕರ್ಣಿಗಳ ಕಾಲದ್ದು. ರಾಜನ ಮಗಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ದಾನ ಮಾಡಿದಳು ಎಂದು ಬರೆದಿದೆ. ನಾಗನನ್ನು ಕಡೆದವನ ಹೆಸರೂ ಇದೆ: ನಟಕ.

ಭಾವ ಬಹಳ ಹೊತ್ತು ಬಗ್ಗಿ ನೋಡಿದರು. ಹೆಬ್ಬೆರಳಿಗೆ ಬ್ಯಾಂಡೇಜು ಇದ್ದುದರಿಂದ ಒಂದೇ ಕಾಲಿನ ಮೇಲೆ ಭಾರ ಹಾಕಿದ್ದರು. "ಹೆಸರು ಬರೆದುಕೊಂಡಿದ್ದಾನೆ ಅಲ್ಲ" ಎಂದರು. "ಕ್ನೋಸಸ್ ಕಟ್ಟಿದವರು ಯಾರು ಅಂತ ಒಬ್ಬನ ಹೆಸರೂ ಗೊತ್ತಿಲ್ಲ ಮಾರಾಯ." ಆಮೇಲೆ, ಸೋಲಬಾರದೆಂದು, "ಆದರೆ ಇದು ದ್ವೀಪ ಅಲ್ವಲ್ಲ" ಎಂದು ಸೇರಿಸಿದರು.

"ಮೂರು ಕಡೆ ವರದೆ ಸುತ್ತಿಕೊಂಡಿದ್ದಾಳೆ ಭಾವ. ಮುಕ್ಕಾಲು ದ್ವೀಪ ಅಂತ ಲೆಕ್ಕ ಹಾಕಿ."

"ನಾಲ್ಕನೇ ಕಡೆಯಿಂದ ಮನೆಗೆ ಹೋಪನ" ಎಂದಳು ಅಕ್ಕ. "ದೋಣಿ ಬೇಡ, ಎಂತದೂ ಬೇಡ. ಆಯಿ ಅಪ್ಪೆಹುಳಿ ಮಾಡಿಟ್ಟಿದ್ದು."